ಕೇಳದೆ ಮಾಡಿದ ಕಾಳಜಿ

ಹೋದ ತಿಂಗಳು ಉಮರ್ಗಾ ಬಸ್ ಸ್ಟ್ಯಾಂಡಿನಲ್ಲಿ ನಿಲಂಗಾ ಬಸ್ಸಿಗೆ ಕಾಯುತ್ತ ಕುಳಿತಿದ್ದೆ. ಪಕ್ಕದಲ್ಲಿದ್ದ ಹೆಂಗಸು ಕೆಮ್ಮುತ್ತಿದ್ದ ತನ್ನ ಮಗಳಿಗೆಂದು ಸೆರಗಿನ ಗಂಟು ಬಿಚ್ಚಿ ಬೆಲ್ಲದ ಉಂಡೆಯೊಂದನ್ನು ತೆಗೆದಳು. ಒಣಶುಂಠಿ, ಅಜವಾನ ಹಾಕಿ ಕಾಸಿದ ಬೆಲ್ಲ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತಾನಾಗಿಯೇ ತೊಡೆಯ ಮೇಲೆ ಅಂಗಾತ ತೆರೆದುಕೊಂಡಿತು. ಯಾರೋ ಏನೋ ಹಾಕುತ್ತಾರೆಂದು ಚಾಚಿದ ಕೈಯ ಹಾಗೆ. ನನಗೆ ಎಂಥ ಸಿಟ್ಟು ಬಂತೆಂದರೆ ಅಲ್ಲಿಂದ ಎದ್ದು ಆಚೆಯ ಕಂಬದ ಹತ್ತಿರ ಹೋಗಿ ನಿಂತೆ. ಕೆಮ್ಮುವ ಮಗುವಿಗೆ ಹೇಸಿ ಎದ್ದು ಹೋದ ಎಂದು ಆ ಹೆಂಗಸು ತಿಳಿದುಕೊಂಡಿರಬೇಕು. ಅವಳಿಗೆ ಹೇಳುವುದಾದರೂ ಏನು? ಉದಗೀರಿನ ದಾಲ್ ಮಿಲ್ಲಿನಲ್ಲಿ ಒಬ್ಬ ಮೆನೇಜರ್ ಇದ್ದ, ಇದೇ ಬೆಲ್ಲವನ್ನು ನಮ್ಮ ಅಂಗೈಯಲ್ಲಿ ಇಡುತ್ತಿದ್ದ, ಅವನ ಮೇಲಿನ ಸಿಟ್ಟು ನನಗೆ ಇನ್ನೂ ಇಳಿದಿಲ್ಲ, ಅಷ್ಟರೊಳಗೆ ಅವನು ಸತ್ತೂ ಹೋಗಿದ್ದಾನೆ ಎಂದೇ?

ಎದುರಿಗೆ ನಾನು ಅವನನ್ನು ಯಾವತ್ತೂ ಸಾಹೇಬ್ರ ಎಂದೇ ಕರೆದೆ. ಮಾತಿಗೊಮ್ಮೆ ರೀ ಹಚ್ಚಿದೆ. ವಯಸ್ಸಿನಲ್ಲಿ ಹಿರಿಯ, ಮೇಲಾಗಿ ಮೆನೇಜರ್. ಇಲ್ಲಿ ಮಾತ್ರ ಅವನು ಎಂದು ಬರೆಯುತ್ತೇನೆ. ಓದುವವರಿಗೆ ಒರಟೆನಿಸಿದರೆ ಎನಿಸಲಿ. ನಾನು ಏಳನೆಯ ಇಯತ್ತೆಗೆ ಶಾಲೆ ಬಿಟ್ಟವನು, ಸಕ್ಕರೆ ಸವರಿ ಬರೆಯುವುದನ್ನು ಯಾರೂ ಕಲಿಸಲಿಲ್ಲ.

ನಮ್ಮದು ಲೋಹಾರಾ ಕಡೆಯ ಹಳ್ಳಿ. ಬೀರಪ್ಪನ ಒಕ್ಕಲು, ಕುರಿ ಸಾಕುವ ಮನೆತನ. ನಮ್ಮಪ್ಪನ ಹಿಂದೆ ಕುರಿ ಕಾಯಲು ಅಣ್ಣ ಇದ್ದ. ನಾನು ದುಡಿಯಲು ಉದಗೀರಿಗೆ ಬಂದೆ. ಮೊದಲು ಮಿಲ್ಲಿನ ಅಂಗಳ ಗುಡಿಸಿದೆ. ಆಮೇಲೆ ಚೀಲ ಹೊತ್ತೆ. ಎಣ್ಣೆ ಸವರಿದ ತೊಗರಿಯನ್ನು ಬಿಸಿಲಿಗೆ ಹರವಿ, ಬರಿಗಾಲಿನಿಂದ ತಿರುವಿ ಹಾಕುತ್ತ ಒಂದೆರಡು ಬೇಸಿಗೆ ಕಳೆದೆ. ಹಾಗೆ ಒಂದೊಂದೇ ಮೆಟ್ಟಿಲು ಹತ್ತಿ ರೋಲರಿನ ಮುಂದೆ ನಿಂತೆ.

ರೋಲರ್ ಎಂದರೆ ಗೊತ್ತಿಲ್ಲದವರಿಗೆ ಹೇಳುತ್ತೇನೆ. ಒರಟು ಕಲ್ಲುಪುಡಿ ಮೆತ್ತಿದ ಉದ್ದನೆಯ ಉರುಳೆ. ಅದು ತಿರುಗುವಾಗ ತೊಗರಿ ಅದಕ್ಕೆ ಉಜ್ಜಿಕೊಂಡು ಹೋಗಬೇಕು, ಸಿಪ್ಪೆ ಬಿಡಬೇಕು, ಕಾಳು ಎರಡು ಹೋಳಾಗಬೇಕು. ಬಿಗಿ ಹೆಚ್ಚಾದರೆ ನುಚ್ಚಾಗುತ್ತದೆ. ಸಡಿಲಾದರೆ ಸಿಪ್ಪೆ ಹಾಗೇ ಉಳಿಯುತ್ತದೆ. ಮಿಲ್ಲಿನಲ್ಲಿ ಎಷ್ಟು ಜನ ಇದ್ದರೂ ಅದನ್ನು ನಡೆಸುವವನು ಒಬ್ಬನೇ, ಅವನನ್ನು ಮಿಸ್ತ್ರಿ ಎನ್ನುತ್ತಾರೆ. ನಾನು ಮಿಸ್ತ್ರಿ. ಊರಿನಲ್ಲಿ ಲಗ್ನಕ್ಕೆ ಹೋದರೆ ಬೀಗರಿಗೆ ನನ್ನ ಗುರುತು ಹೇಳುವಾಗ ಅಣ್ಣ ನನ್ನ ಹೆಸರು ಹೇಳುತ್ತಿರಲಿಲ್ಲ, "ಉದಗೀರದಾಗ ರೋಲರ್ ನಡಸ್ತಾನ" ಎನ್ನುತ್ತಿದ್ದ. ಅವರು ಸರಿದು ಜಾಗ ಮಾಡಿಕೊಡುತ್ತಿದ್ದರು. ಶಾಲೆ ಬಿಟ್ಟವನಿಗೆ ಕೂಡಲು ಯಾರು ಜಾಗ ಮಾಡಿಕೊಡುತ್ತಾರೆ ಹೇಳಿ. ನನಗೆ ಮಾಡಿಕೊಡುತ್ತಿದ್ದರು.

ಅವನು ಬರುವ ಮೊದಲು ಇದ್ದ ಮೆನೇಜರ್ ಬೈಗುಳದ ಮನುಷ್ಯ. ಅವನಿಗೆ ನಮ್ಮ ಯಾರ ಹೆಸರೂ ಗೊತ್ತಿರಲಿಲ್ಲ, ತಿಳಿದುಕೊಳ್ಳುವ ಆಸೆಯೂ ಇರಲಿಲ್ಲ. ಬೈದರೆ ನಾವೂ ಅವನ ಬೆನ್ನ ಹಿಂದೆ ಬೈದು ಸರಿ ಮಾಡಿಕೊಳ್ಳುತ್ತಿದ್ದೆವು. ಸಂಜೆ ಗೇಟು ದಾಟಿದರೆ ಮುಗಿಯಿತು, ಅವನು ಯಾರೋ ನಾವು ಯಾರೋ. ಅದೊಂದು ಸುಖ ಎಂದು ಆಗ ತಿಳಿದಿರಲಿಲ್ಲ…

ಆಮೇಲೆ ಇವನು ಬಂದ. ನಿಲಂಗಾದವನು, ಹೊಲ ಮನೆ ಇದ್ದ ಲಿಂಗಾಯತರ ಪೈಕಿ. ಹಣೆಯ ಮೇಲೆ ವಿಭೂತಿ, ಬಿಳಿ ಅಂಗಿ, ಕೈಯಲ್ಲಿ ಒಂದು ಸ್ಟೀಲಿನ ಡಬ್ಬಿ. ಡಬ್ಬಿಯಲ್ಲಿ ಮನೆಯಲ್ಲಿ ಮಾಡಿಸಿ ತಂದ ಶುಂಠಿ ಬೆಲ್ಲ. ಮಧ್ಯಾಹ್ನ ಊಟದ ಗಂಟೆ ಆದ ಮೇಲೆ ಸಾಲಾಗಿ ಎಲ್ಲರ ಹತ್ತಿರ ಬಂದು ಅಂಗೈಯಲ್ಲಿ ಒಂದೊಂದು ತುಂಡು ಇಡುತ್ತಿದ್ದ. ಧೂಳು ಕುಡಿದ ಗಂಟಲಿಗೆ ಒಳ್ಳೆಯದಂತೆ. ಡಬ್ಬಿಯನ್ನು ಕಟ್ಟೆಯ ಮೇಲೆ ಇಟ್ಟು, ಬೇಕಾದವರು ತೆಗೆದುಕೊಳ್ಳಿ ಎಂದಿದ್ದರೆ ನನ್ನದೇನೂ ತಕರಾರು ಇರಲಿಲ್ಲ. ಅವನೇ ಇಡಬೇಕು, ನಾವು ಕೈ ಚಾಚಬೇಕು. ಮೀಸೆ ನರೆತ, ಚೀಲ ಹೊರುವ ಹಮಾಲರು ಗುಡಿಯಲ್ಲಿ ತೀರ್ಥಕ್ಕೆ ಕೈ ಒಡ್ಡಿದ ಹಾಗೆ ಒಡ್ಡಿ ನಿಲ್ಲುತ್ತಿದ್ದರು.

ಅವನು ಎಲ್ಲರ ಮನೆಯ ಸುದ್ದಿ ಕೇಳುತ್ತಿದ್ದ. ತಾಯಿಯ ಕಣ್ಣಿನ ಆಪರೇಷನ್ ಆಯಿತೇ, ಮಗಳ ಹೆರಿಗೆ ಯಾವಾಗ, ತಮ್ಮ ಕುಡಿಯುವುದು ಬಿಟ್ಟನೇ. ಕೇಳಿ ಮರೆಯುತ್ತಿರಲಿಲ್ಲ, ಮರುವಾರ ಮತ್ತೆ ಕೇಳುತ್ತಿದ್ದ. ಜ್ವರ ಬಂದು ಮಲಗಿದವನ ಮನೆಗೆ ಹೋಗಿ ಚಾಪೆಯ ಮೇಲೆ ಕುಳಿತು, ಬಟ್ಟಲಿನ ತಳದಲ್ಲಿ ಉಳಿದ ಗಂಜಿ ಎಷ್ಟು ಎಂದು ನೋಡುತ್ತಿದ್ದ. ಜನ ಅವನಿಗೆ ಮರುಳಾಗಿ ಹೋದರು. ಇಂಥ ಮೆನೇಜರ್ ಈ ಉದಗೀರದಲ್ಲಿ ಎಲ್ಲಿಯೂ ಇಲ್ಲ ಎಂದು ಹಾಡಿದರು. ನಮ್ಮಲ್ಲಿ ಒಬ್ಬ ಹಮಾಲ ಮಾತ್ರ ನನ್ನ ಜಾತಿಯ ಮನುಷ್ಯ, ಜಾತಿ ಎಂದರೆ ಸ್ವಭಾವ. ಅವನು ಬೀಡಿ ಸೇದುತ್ತ ಅನ್ನುತ್ತಿದ್ದ, "ನಿನ್ನ ಹೆಂಡ್ತಿ ಹಡದ್ರ ನೋಡ್ ಮಿಸ್ತ್ರಿ, ತೊಟ್ಟಿಲ ಹಗ್ಗ ನಿನ್ನ ಕೈಗಿ ಸಿಗೂದಿಲ್ಲ. ಸಾಹೇಬ್ರೇ ತೂಗ್ತಾರ." ಇಷ್ಟಂದು ಬೆಲ್ಲ ಬಂದಾಗ ಅವನೂ ಕೈ ಒಡ್ಡುತ್ತಿದ್ದ. ನಾನೂ ಒಡ್ಡಿದೆ. ಎಲ್ಲರ ನಡುವೆ ನಾನೊಬ್ಬ ಒಲ್ಲೆ ಎಂದರೆ ಅದಕ್ಕೂ ಕಾರಣ ಕೇಳಲು ಅವನು ಮನೆಗೆ ಬಂದಾನು ಎಂಬ ಹೆದರಿಕೆ.

ನನ್ನನ್ನು ಕೇಳಿದಾಗೆಲ್ಲ ಒಂದೇ ಉತ್ತರ ಕೊಡುತ್ತಿದ್ದೆ. "ಎಲ್ಲಾರೂ ಛಲೋ ಅದಾರ್ರಿ." ಅವನು ನಕ್ಕು ಭುಜ ತಟ್ಟಿ ಮುಂದೆ ಹೋಗುತ್ತಿದ್ದ. ಈ ಮನುಷ್ಯನ ಬಾಗಿಲು ಹೇಗೆ ತೆಗೆಯಬೇಕು ಎಂದು ಯೋಚಿಸಿದವನ ಹಾಗೆ ಒಮ್ಮೆ ತಿರುಗಿ ನೋಡುತ್ತಿದ್ದ.

ಒಂದು ಚಳಿಗಾಲ ನನಗೆ ಕೆಮ್ಮು ಹಿಡಿಯಿತು. ದಾಲ್ ಮಿಲ್ಲಿನಲ್ಲಿ ಕೆಮ್ಮು ಯಾರಿಗೆ ಬರುವುದಿಲ್ಲ? ಹೊಸ ತೊಗರಿಯ ಹಂಗಾಮಿನಲ್ಲಿ ರೋಲರಿನ ಸುತ್ತ ಎದುರಿಗಿದ್ದವನ ಮುಖ ಕಾಣದಷ್ಟು ಧೂಳು ಏಳುತ್ತದೆ. ಮುಖಕ್ಕೆ ಟವೆಲ್ ಸುತ್ತಿಕೊಂಡು ನಿಲ್ಲುತ್ತಿದ್ದೆ. ಅವನು ಕೇಳಿದ, ಏನಿಲ್ಲ ಎಂದೆ. ಮತ್ತೆ ಕೇಳಿದ, ಮತ್ತೆ ಏನಿಲ್ಲ ಎಂದೆ. ಆಗ ಅವನೇನು ಮಾಡಿದ ಗೊತ್ತೇ? ನಾನು ರೋಲರಿನ ಮುಂದೆ ನಿಂತಿದ್ದ ಹೊತ್ತಿನಲ್ಲಿ ನನ್ನ ಬಾಡಿಗೆ ಖೋಲಿಗೆ ಹೋಗಿ ನನ್ನ ಹೆಂಡತಿಯನ್ನು ಕೇಳಿದ.

ಅವಳು ಎಲ್ಲ ಹೇಳಿಬಿಟ್ಟಳು. ಮಲಗಿದರೆ ಉಸಿರು ಹತ್ತುವುದಿಲ್ಲ, ಗೋಡೆಗೆ ಆನಿಸಿ ಕುಳಿತೇ ನಿದ್ದೆ ಮಾಡುತ್ತಾನೆ, ಉಗುಳಿದರೆ ಹಳದಿ ಬೀಳುತ್ತದೆ. ಗಂಡ ಹೆಂಡಿರ ನಡುವಿನ ಮಾತು. ನಮ್ಮ ತಾಯಿಗೂ ಹೇಳಬೇಡ ಎಂದು ನಾನು ಅವಳಿಂದ ಮಾತು ತೆಗೆದುಕೊಂಡಿದ್ದೆ. ಅವನು ಚಹಾ ಕುಡಿದು, ಕೂಸಿನ ತಲೆ ಸವರಿ, ಅದನ್ನೆಲ್ಲ ಎತ್ತಿಕೊಂಡು ಹೋದ. ಮರುದಿನ ತನ್ನ ಗಾಡಿಯ ಮೇಲೆ ಕೂರಿಸಿಕೊಂಡು ನನ್ನನ್ನು ದವಾಖಾನೆಗೆ ಒಯ್ದ. ಡಾಕ್ಟರು ನನ್ನ ಕಡೆ ನೋಡದೆ ಅವನಿಗೆ ಹೇಳಿದರು, ಇವರಿಗೆ ಧೂಳು ಆಗದು ಎಂದು. ಅವನು ತನ್ನ ಮಗನ ಸುದ್ದಿ ಕೇಳಿದವನ ಹಾಗೆ ಮುಖ ಮಾಡಿಕೊಂಡ.

ಆಮೇಲೆ ಬಂದ ಸೋಮವಾರ ನಾನು ಮಿಲ್ಲಿಗೆ ಹೋದಾಗ ರೋಲರಿನ ಮುಂದೆ ಇನ್ನೊಬ್ಬ ನಿಂತಿದ್ದ. ದೇವಣಿ ಕಡೆಯವನು, ನನ್ನ ವಾರಿಗೆಯವನೇ, ಅಲ್ಲಿಯವರೆಗೆ ನನ್ನ ರೋಲರಿನ ಬಾಯಿಗೆ ತೊಗರಿ ಸುರಿಯುತ್ತಿದ್ದವನು. ನನ್ನನ್ನು ನೋಡಿ ಕಣ್ಣು ಕೆಳಗೆ ಹಾಕಿದ. ನನ್ನ ಹಿಂದೆಯೇ ಬಂದ ಮೆನೇಜರ್, ಇನ್ನು ಮೇಲೆ ನನ್ನ ಕೆಲಸ ಗೇಟಿನ ಹತ್ತಿರ ಎಂದ. ಬರುವ ಹೋಗುವ ಲಾರಿ ನೋಡಿಕೊಳ್ಳುವುದು. ಪಗಾರ ಅಷ್ಟೇ, ತ್ರಾಸ ಇಲ್ಲ. ಖುರ್ಚಿಯನ್ನೂ ಹಾಕಿಸಿದ್ದೇನೆ ಎಂದ. ಮುಖದಲ್ಲಿ ಎಂಥ ಸಂತೋಷ… ಹಬ್ಬಕ್ಕೆ ಹೊಸ ಅಂಗಿ ತಂದು, ತೊಡಲಿ ಎಂದು ಕಾಯುತ್ತ ನಿಂತ ತಂದೆಯ ಸಂತೋಷ.

ನಾನು ಕೂಗಾಡಲಿಲ್ಲ. ನಮ್ಮಿಬ್ಬರ ನಡುವೆ ಆದ ಮಾತು ಇಷ್ಟೇ, ಒಂದಕ್ಷರ ಮರೆತಿಲ್ಲ.

"ಸಾಹೇಬ್ರ, ನೀವು ಆಕಿನ್ನ ಕೇಳಿದ್ರಿ, ಡಾಕ್ಟರನ್ನ ಕೇಳಿದ್ರಿ. ನನಗ ಯಾಕ ಕೇಳಲಿಲ್ಲ?"

"ಕೇಳಿದ್ರ ನೀ ಹ್ಞೂ ಅಂತಿದ್ದ್ಯಾ ತಮ್ಮಾ?"

"ಇಲ್ರಿ."

"ಅದಕ್ಕೇ ಕೇಳಲಿಲ್ಲ."

ದೇವಣಿಯವನು ರೋಲರಿನ ಪಟ್ಟಿ ಸರಿಮಾಡುವವನ ಹಾಗೆ ಬಗ್ಗಿ ನಿಂತಿದ್ದ. ಅವನನ್ನು ತೋರಿಸಿ ನಾನು ಕೇಳಿದೆ, "ಇಂವಂಗ ಎದಿ ಇಲ್ಲೇನ್ರಿ?"

"ಅಂವಂಗ ಖೆಮ್ಮ ಇಲ್ಲಲಾ."

"ನನಗೂ ಮೊದಲ ಇರಲಿಲ್ರಿ."

ಆಗ ನಾನು ಪೈಪಿನ ಮಾತು ತೆಗೆದೆ. ರೋಲರಿನ ಮೇಲೆ ತಗಡಿನ ಮುಚ್ಚಳ ಹಾಕಿ, ಪೈಪ್ ಜೋಡಿಸಿ, ದೊಡ್ಡ ಫ್ಯಾನಿನಿಂದ ಧೂಳನ್ನು ಹೊರಗೆ ಎಳೆಯುವ ವ್ಯವಸ್ಥೆ ಬೇರೆ ಊರಿನ ಮಿಲ್ಲುಗಳಲ್ಲಿ ಇತ್ತು. ಅದನ್ನು ಹಾಕಿಸಿ, ನಾನೂ ಕೆಮ್ಮುವುದಿಲ್ಲ, ಇವನೂ ಕೆಮ್ಮುವುದಿಲ್ಲ, ನಮ್ಮ ನಂತರ ಬರುವವನೂ ಕೆಮ್ಮುವುದಿಲ್ಲ ಎಂದೆ. ಅವನು, ಮಿಲ್ಲಿನ ಮಾಲಕ ಶೇಠಜಿಯನ್ನು ಕೇಳಿದ್ದೇನೆ, ಈ ವರ್ಷ ಆಗದು ಎಂದಿದ್ದಾರೆ, ನನ್ನ ಕೈಲಿ ಆಗುವುದನ್ನು ನಾನು ಮಾಡಿದ್ದೇನೆ ಎಂದ. ಕೇಳಿದ್ದ, ಸುಳ್ಳಲ್ಲ. ಹೇಗೆ ಕೇಳಿರುತ್ತಾನೆ ಎಂಬುದು ನನಗೆ ಗೊತ್ತು. ಶೇಠಜಿಯ ತಾಯಿಯ ಮೊಳಕಾಲು ನೋವಿನ ಸುದ್ದಿ ಮೊದಲು ಕೇಳಿ, ಅವರ ಮನಸ್ಸಿಗೆ ಬೇಜಾರಾಗದ ಹಾಗೆ ಕೇಳಿ, ಬೇಡ ಎಂದ ಕೂಡಲೆ ಆಯಿತು ಎಂದು ಎದ್ದು ಬಂದಿರುತ್ತಾನೆ. ಎಲ್ಲರ ಮೇಲೂ ಕಾಳಜಿ ಇದ್ದವನಿಗೆ ಯಾರ ಜೊತೆಯೂ ಜಗಳ ಆಡಲು ಬರುವುದಿಲ್ಲ. ನಮಗೆ ಬೇಕಾಗಿದ್ದದ್ದು ನಮ್ಮ ಪರವಾಗಿ ಶೇಠನ ಜೊತೆ ಜಗಳ ಆಡುವ ಮನುಷ್ಯ. ನಮಗೆ ಸಿಕ್ಕವನು ಬೆಲ್ಲ ಹಂಚುವವನು.

ಗೇಟಿನಲ್ಲಿ ಕುಳಿತೆ. ಬಿಡಬಹುದಿತ್ತು ಎನ್ನುತ್ತೀರಿ. ಆ ಹಂಗಾಮಿನಲ್ಲಿ ಹೆಂಡತಿ ಎರಡನೆಯ ಸಲ ಬಸುರಿ, ಬೇರೆ ಮಿಲ್ಲುಗಳಲ್ಲಿ ಮಿಸ್ತ್ರಿಗಳು ಮೊದಲೇ ನಿಂತಿದ್ದರು. ಕುಳಿತೆ. ಖುರ್ಚಿಯ ಮೇಲೆ ಅವನು ಒಂದು ಮೆತ್ತನೆಯ ದಿಂಬು ಹಾಕಿಸಿದ್ದ. ಹತ್ತು ಗಂಟೆಗೆ ನನಗೆಂದು ಬೇರೆ ಚಹಾ ಬರುತ್ತಿತ್ತು, ಶುಂಠಿ ಜಜ್ಜಿ ಹಾಕಿದ್ದು. ಒಳಗೆ ಚೀಲ ಹೊರುವವರು ಹೋಗುತ್ತ ಬರುತ್ತ ನನ್ನ ಕಡೆ ಮರುಕದಿಂದ ನೋಡುತ್ತಿದ್ದರು. ಲಾರಿಯ ಡ್ರೈವರುಗಳು ನನ್ನನ್ನು 'ಏ ವಾಚಮನ್' ಎಂದು ಕೂಗತೊಡಗಿದರು. ನಿಲಂಗಾದಲ್ಲಿ ನನ್ನ ಹೆಂಡತಿಯ ತವರಿಗೆ ಹೋದಾಗ ಮಾವ ಏನೂ ಕೇಳಲಿಲ್ಲ, ಅತ್ತೆ ಮಾತ್ರ ಎಲ್ಲರಿಗಿಂತ ಮೊದಲು ನನಗೆ ಮೆತ್ತಗಿನ ಅನ್ನ ಬಡಿಸಿದಳು, ಬ್ಯಾನಿ ಇದ್ದವನಿಗೆ ಬಡಿಸಿದ ಹಾಗೆ. ನಾನು ತಟ್ಟೆ ಸರಿಸಿ ಜೋಳದ ರೊಟ್ಟಿಯನ್ನೇ ಕೇಳಿ ತಿಂದೆ. ಕಟಕಟ ಸದ್ದಾಗುವ ಹಾಗೆ ತಿಂದೆ.

ಗೇಟಿನಲ್ಲಿ ಕುಳಿತರೂ ಕಿವಿ ಒಳಗೇ ಇರುತ್ತಿತ್ತು. ರೋಲರಿನ ಸದ್ದು ಕೇಳಿಸಿಕೊಳ್ಳುತ್ತಿದ್ದೆ. ದೇವಣಿಯವನು ಎಲ್ಲಿ ತಪ್ಪುತ್ತಾನೆ, ಯಾವಾಗ ಕಾಳು ನುಚ್ಚಾಗುತ್ತದೆ, ಯಾವಾಗ ಓಡಿ ಬಂದು ಅಣ್ಣಾ ಒಂದೀಟು ಬಾ ಎಂದು ಕರೆಯುತ್ತಾನೆ ಎಂದು ಕಾಯುತ್ತಿದ್ದೆ. ಅವನು ತಪ್ಪಲಿಲ್ಲ. ನನ್ನ ಪಕ್ಕದಲ್ಲಿ ನಿಂತು ಚೆನ್ನಾಗಿಯೇ ಕಲಿತಿದ್ದ. ಬೇಳೆ ಮೊದಲಿನ ಹಾಗೇ ಬೀಳುತ್ತಿತ್ತು. ನಾನಿಲ್ಲದೆ ಮಿಲ್ಲು ಒಂದು ತಾಸೂ ನಿಲ್ಲಲಿಲ್ಲ. ಇದನ್ನು ಯಾರಿಗೆ ಹೇಳಲಿ…

ಮನೆಯಲ್ಲಿ ಹೆಂಡತಿಯ ಜೊತೆ ಮಾತು ಬಿಟ್ಟೆ. ಅವಳು ಬಿಡಲಿಲ್ಲ. ಸಾಹೇಬರು ದೇವರಂಥವರು ಎಂದಳು. ನಿನ್ನ ಕೆಮ್ಮು ಕಡಿಮೆಯಾಗಿದೆಯೋ ಇಲ್ಲವೋ ಹೇಳು ಎಂದಳು. ಕಡಿಮೆಯಾಗಿತ್ತು. ಅದೇ ನನ್ನ ಸಿಟ್ಟಿಗೆ ಇನ್ನಷ್ಟು ಎಣ್ಣೆ ಸುರಿಯಿತು. ಆ ಖುರ್ಚಿಯಲ್ಲಿ ಕುಳಿತು ಸೌಖ್ಯವಾಗುವುದಕ್ಕಿಂತ ರೋಲರಿನ ಮುಂದೆ ಸಾಯುವುದೇ ಮೇಲು ಎಂದೆ. ಅವಳು ರೊಟ್ಟಿ ತಟ್ಟುತ್ತಿದ್ದ ಕೈ ನಿಲ್ಲಿಸದೆ ಅಂದಳು:

"ನೀ ಸತ್ತ್ರ ರೋಲರ್ ಬಂದು ಅಳ್ತದೇನು? ನಾ ಅಳಬೇಕು. ನನಗ ಅದರ ತ್ರಾಸ ಬ್ಯಾಡ."

ಆ ಮಾತು ಹೇಳುವ ಹಕ್ಕು ಅವಳದು. ಅವಳು ನನ್ನ ಹೆಂಡತಿ, ಜಗಳ ಆಡಿ ಹೇಳಿದಳು, ನಾನೂ ತಿರುಗಿ ಜಗಳ ಆಡಿದೆ. ಮೆನೇಜರಿನ ಜೊತೆ ತಿರುಗಿ ಜಗಳ ಆಡಲು ಆಗುತ್ತದೆಯೇ? ಅವನ ಕಾಳಜಿಯ ಹಿಂದೆ ಅವನ ಖುರ್ಚಿ ಇತ್ತು. ಬಾಯಲ್ಲಿ ತಮ್ಮಾ ಎನ್ನುತ್ತಿದ್ದ, ಆದರೆ ತಮ್ಮ ಒಲ್ಲೆ ಎಂದರೆ ಅಣ್ಣ ಮುಖ ತಿರುಗಿಸಬಹುದು, ಅಷ್ಟೇ. ಮೆನೇಜರ್ ನಾಳೆಯಿಂದ ನಿನ್ನ ಜಾಗ ಇಲ್ಲಿ ಅಲ್ಲ, ಅಲ್ಲಿ ಎನ್ನಬಹುದು. ಹಾಗೆನ್ನುವ ಅಧಿಕಾರ ಇದ್ದವನು ಪ್ರೀತಿಯಿಂದ ಅಂದರೇನು, ಬೈದು ಅಂದರೇನು? ಬೈದು ಅಂದಿದ್ದರೆ ನನಗೆ ಹಲ್ಲು ಕಚ್ಚಲಾದರೂ ಬರುತ್ತಿತ್ತು.

ಖಂಡೇನವಮಿ ಬಂತು. ನಮ್ಮ ಕಡೆ ಅವತ್ತು ಮಿಲ್ಲು ತೊಳೆದು, ಮಷೀನುಗಳಿಗೆ ಚೆಂಡು ಹೂವಿನ ಮಾಲೆ ಹಾಕಿ ಪೂಜೆ ಮಾಡುತ್ತಾರೆ. ರೋಲರಿನ ಮುಂದೆ ಕಾಯಿ ಒಡೆಯುವುದು ಶೇಠಜಿಯಲ್ಲ, ಮೆನೇಜರನೂ ಅಲ್ಲ. ಯಾರ ಕೈ ವರ್ಷವಿಡೀ ಅದರ ಮೇಲಿರುತ್ತದೋ ಅವನು. ಅವನು ಬೆಳಿಗ್ಗೆ ತಲೆಯ ಮೇಲೆ ನೀರು ಹಾಕಿಕೊಂಡು, ಏನೂ ತಿನ್ನದೆ ಬಂದು ಒಡೆಯುತ್ತಾನೆ. ಇದನ್ನು ಯಾರೂ ಬರೆದಿಟ್ಟಿಲ್ಲ, ಎಲ್ಲ ಮಿಲ್ಲಿನವರಿಗೂ ಗೊತ್ತು. ನನ್ನ ಕಾಲದಲ್ಲಿ ನಾನು ಮನೆಯಿಂದ ಬೀರಪ್ಪನ ಭಂಡಾರದ ಅರಿಶಿನ ಕಟ್ಟಿಕೊಂಡು ಬಂದು ರೋಲರಿಗೆ ಹಚ್ಚಿ ಒಡೆಯುತ್ತಿದ್ದೆ.

ಆ ವರ್ಷ ನಾನು ಗೇಟಿನಲ್ಲೇ ಕುಳಿತಿದ್ದೆ. ಒಳಗೆ ಗಂಟೆ ಬಾರಿಸಿದ್ದು ಕೇಳಿಸಿತು. ಆಮೇಲೆ ಮೆನೇಜರನೇ ಗೇಟಿಗೆ ಬಂದ, ನನ್ನ ಕೈ ಹಿಡಿದು ಎಬ್ಬಿಸಿದ, ಒಳಗೆ ಕರೆದೊಯ್ದ. ಶೇಠಜಿ, ಅವರ ಮಕ್ಕಳು, ಎಲ್ಲ ಹಮಾಲರು, ತೊಗರಿ ಹರವುವ ಹೆಂಗಸರು, ಅಷ್ಟೂ ಜನ ಸುತ್ತ ನಿಂತಿದ್ದರು. ಅವನು ತೆಂಗಿನಕಾಯಿಯನ್ನು ನನ್ನ ಕೈಯಲ್ಲಿಟ್ಟು, ಗೇಟಿನಲ್ಲಿ ಕುಳಿತರೇನಾಯಿತು, ಈ ಮಿಲ್ಲಿನ ಮಿಸ್ತ್ರಿ ಎಂದರೆ ಇವನೇ ಎಂದು ಎಲ್ಲರಿಗೂ ಕೇಳುವ ಹಾಗೆ ಹೇಳಿದ. ಕೆಲವರು ಚಪ್ಪಾಳೆ ತಟ್ಟಿದರು.

ದೇವಣಿಯವನು ಮಗ್ಗುಲಲ್ಲಿ ನಿಂತಿದ್ದ. ಕೂದಲು ಇನ್ನೂ ಒದ್ದೆ. ಹೊಸ ಟೋಪಿ ಹಾಕಿಕೊಂಡಿದ್ದ. ಕಾಯಿ ಒಡೆಯಲೆಂದು ಒಂದು ಹೆಜ್ಜೆ ಮುಂದೆ ಬಂದವನು ಅಲ್ಲೇ ನಿಂತುಬಿಟ್ಟಿದ್ದ. ನಿಂತಲ್ಲೇ ಒಮ್ಮೆ ಕೆಮ್ಮಿದ, ಅಂಗೈಯಿಂದ ಬಾಯಿ ಮುಚ್ಚಿಕೊಂಡ. ಅದು ಯಾರಿಗೂ ಕೇಳಿಸಲಿಲ್ಲ. ಆ ಕೆಮ್ಮು ಯಾವುದು ಎಂದು ನನಗೆ ಗೊತ್ತಿತ್ತು.

ಮೆನೇಜರಿಗೆ ತಾನು ಮಾಡಿದ್ದೇನು ಎಂದು ತಿಳಿದಿರಲಿಲ್ಲ, ಇದನ್ನು ನಾನು ಒಪ್ಪುತ್ತೇನೆ. ನನ್ನ ಮುಖ ಇಳಿದದ್ದನ್ನು ಇಷ್ಟು ದಿನ ನೋಡಿ ನೋಡಿ ಮರುಗಿ, ಇವನಿಗೊಂದು ಮಾನ ಕೊಡೋಣ ಎಂದುಕೊಂಡಿದ್ದ. ಮಾನವೂ ಅವನ ಡಬ್ಬಿಯಲ್ಲಿತ್ತು, ನನ್ನ ಅಂಗೈಯಲ್ಲಿ ಇಟ್ಟ. ಅದನ್ನು ಇನ್ನೊಬ್ಬನ ಕೈಯಿಂದ ತೆಗೆದು ಇಟ್ಟ, ಅದೂ ಅವನಿಗೆ ಕಾಣಲಿಲ್ಲ.

ನಾನು ಕಾಯಿಯನ್ನು ಅವನ ಕೈಗೇ ತಿರುಗಿ ಕೊಟ್ಟೆ.

"ಸಾಹೇಬ್ರ, ಇದರ ಧೂಳ ಯಾರ ಎದ್ಯಾಗ ಹೊಂಟದ, ಅಂವಾ ಒಡೀಲಿ."

ಗಟ್ಟಿಯಾಗಿ ಹೇಳಲಿಲ್ಲ. ಆದರೆ ಮಷೀನು ನಿಂತ ಮಿಲ್ಲಿನಲ್ಲಿ ಸಣ್ಣ ಮಾತೂ ದೂರ ಹೋಗುತ್ತದೆ. ಶೇಠಜಿ ನೆಲ ನೋಡಿದರು. ನಾನು ಹೊರಗೆ ಬಂದೆ. ಒಳಗೆ ಕಾಯಿ ಒಡೆದ ಸದ್ದು ಬಹಳ ಹೊತ್ತಿನ ಮೇಲೆ ಕೇಳಿಸಿತು. ಯಾರು ಒಡೆದರು ಎಂದು ನಾನು ಕೇಳಲಿಲ್ಲ.

ಸಂಜೆ ಅವನು ಗೇಟಿಗೆ ಬಂದ. ಎಲ್ಲರೂ ಹೋಗಿದ್ದರು. ಖುರ್ಚಿಯ ಎದುರು ನಿಂತು, ಎಂದಿನ ಹಾಗೆ ಭುಜ ಮುಟ್ಟದೆ, "ನಾ ನಿನಗೇನ ಕೆಟ್ಟ ಮಾಡ್ದೆ ತಮ್ಮಾ?" ಎಂದು ಕೇಳಿದ. ಕಣ್ಣು ಕೆಂಪಾಗಿದ್ದವು. ನಿಜವಾಗಿಯೂ ಗೊತ್ತಿಲ್ಲದೆ ಕೇಳಿದ್ದ. ಅದಕ್ಕೇ ನಾನು ಹೇಳಲಿಲ್ಲ. ಅಷ್ಟು ದಿನದಲ್ಲಿ ಅವನು ನನ್ನನ್ನು ಖರೆ ಕೇಳಿದ ಪ್ರಶ್ನೆ ಅದೊಂದೇ ಇರಬೇಕು… ನಾನು ಗೇಟಿನ ಕೊಂಡಿ ಹಾಕಿ ಮನೆಗೆ ನಡೆದೆ.

ಹೆಂಡತಿಯ ಬಾಣಂತನ ಮುಗಿಯುತ್ತಲೇ ಉದಗೀರ ಬಿಟ್ಟೆ. ಉಮರ್ಗಾದ ಒಂದು ಮಿಲ್ಲಿನಲ್ಲಿ ಮತ್ತೆ ರೋಲರ್ ಸಿಕ್ಕಿತು. ಇಲ್ಲಿ ಪೈಪ್ ಇದೆ, ಫ್ಯಾನಿದೆ, ಧೂಳನ್ನು ಎಳೆದು ಹಿತ್ತಲಿಗೆ ಉಗುಳುತ್ತದೆ. ನಮ್ಮ ಮೇಲಿನ ಪ್ರೀತಿಯಿಂದ ಹಾಕಿಸಿದ್ದಲ್ಲ. ತಪಾಸಣೆಗೆ ಬಂದ ಸರಕಾರಿ ಮನುಷ್ಯ ಬಾಗಿಲಿಗೆ ಬೀಗ ಹಾಕಿಸುತ್ತೇನೆ ಎಂದದ್ದಕ್ಕೆ ಹೆದರಿ ಮಾಲಕ ಹಾಕಿಸಿದ್ದು. ಇಲ್ಲಿಯ ಮೆನೇಜರಿಗೆ ನನ್ನ ತಾಯಿ ಬದುಕಿದ್ದಾಳೋ ಇಲ್ಲವೋ ಗೊತ್ತಿಲ್ಲ. ಏ ರೋಲರ್ ಎಂದು ಕೂಗುತ್ತಾನೆ. ಫ್ಯಾನು ಕೆಟ್ಟಾಗ ರೋಲರ್ ಚಾಲೂ ಮಾಡುವುದಿಲ್ಲ ಎಂದೆ ಒಮ್ಮೆ, ಬೈದ, ನಾನೂ ಬೈದೆ, ಸಂಜೆಯೊಳಗೆ ಫ್ಯಾನು ರಿಪೇರಿಯಾಯಿತು. ನನ್ನ ಕೆಮ್ಮು ಪೂರ್ತಿ ಹೋಗಿಲ್ಲ, ಆದರೆ ಹೆಚ್ಚಲಿಲ್ಲ. ಮೆನೇಜರಾದವನಿಗೆ ಕೆಲಸದವರ ಮೇಲೆ ನಿಜವಾದ ಕಾಳಜಿ ಇರಬೇಕೇ ಎಂದು ಯಾರಾದರೂ ನನ್ನನ್ನು ಕೇಳಿದರೆ ನಾನು ಈ ಫ್ಯಾನನ್ನು ತೋರಿಸುತ್ತೇನೆ. ಇದಕ್ಕೆ ನನ್ನ ಹೆಸರು ಗೊತ್ತಿಲ್ಲ, ನನ್ನ ಮನೆಗೆ ಬಂದು ಚಹಾ ಕುಡಿದಿಲ್ಲ.

ಅವನು ಸತ್ತ ಸುದ್ದಿ ಈ ಮಳೆಗಾಲದ ಮುಂಚೆ ಮೊಬೈಲಿನಲ್ಲಿ ಬಂತು. ಹಳೆಯ ಮಿಲ್ಲಿನ ಗ್ರೂಪಿನಲ್ಲಿ ಅವನ ಫೋಟೋ, ಸುತ್ತ ಹೂವು, ಕೆಳಗೆ ಮರಾಠಿಯಲ್ಲಿ ಭಾವಪೂರ್ಣ ಶ್ರದ್ಧಾಂಜಲಿ. ಹಾಕಿದವನು ದೇವಣಿಯವನು. ಜನ ಕೈ ಮುಗಿದ ಚಿತ್ರಗಳನ್ನು ಸಾಲಾಗಿ ಕಳಿಸಿದ್ದರು. ನಾನು ಏನೂ ಕಳಿಸಲಿಲ್ಲ.

ಆದರೆ ಹೋದ ತಿಂಗಳು ಆ ಬಸ್ ಸ್ಟ್ಯಾಂಡಿನಿಂದ ಹೊರಟು ನಿಲಂಗಾದಲ್ಲಿ ಇಳಿದಾಗ, ಮಾವನ ಮನೆಯ ದಾರಿ ಬಿಟ್ಟು, ಅವನ ಮನೆ ಎಲ್ಲಿ ಎಂದು ಕೇಳುತ್ತ ಹೋದೆ. ದಾರಿಯುದ್ದಕ್ಕೂ ಸಿಟ್ಟು ಕುದಿಯುತ್ತಿತ್ತು. ಅವನ ಪ್ರಶ್ನೆಗೆ ಉತ್ತರ ಇಷ್ಟು ವರ್ಷ ನನ್ನ ಬಾಯಲ್ಲೇ ಉಳಿದಿತ್ತು. ಫೋಟೋದ ಮುಂದೆಯಾದರೂ ನಿಂತು ಹೇಳಿಬಿಡಬೇಕು ಎಂದುಕೊಂಡೆ. ನೀ ನನ್ನ ಎದೆ ಉಳಿಸಿದಿ, ನನ್ನನ್ನು ತೆಗೆದುಹಾಕಿದಿ ಎನ್ನಬೇಕು ಎಂದುಕೊಂಡೆ.

ಅವನ ಹೆಂಡತಿ ಪಡಸಾಲೆಯಲ್ಲಿ ಮೆಂತ್ಯೆ ಸೊಪ್ಪು ಸೋಸುತ್ತ ಕುಳಿತಿದ್ದರು. ಉದಗೀರ ಮಿಲ್ಲಿನಲ್ಲಿ ಸಾಹೇಬರ ಕೈಕೆಳಗೆ ಇದ್ದೆ ಎಂದೆ. ಅವರು ಗಡಿಬಿಡಿಯಿಂದ ಎದ್ದು ಚಾಪೆ ಹಾಸಿದರು. ಕನ್ನಡಕ ಏರಿಸಿ ನನ್ನ ಮುಖ ನೋಡಿದರು.

"ಖೆಮ್ಮಿನ ತಮ್ಮ ಅಂತಿದ್ರು ಅವರು ಒಬ್ಬಾಂವಗ. ನೀವೇನ್ರಿ?"

ನಾನು ಚಾಪೆಯ ಅಂಚಿನಲ್ಲಿ ಕುಳಿತೆ. "ಅಲ್ರಿ ಅಕ್ಕಾರ. ನಾ ರೋಲರ್ ಮಿಸ್ತ್ರಿ."

ಅವರು ನೆನಪು ಮಾಡಿಕೊಳ್ಳಲು ನೋಡಿದರು. ಬಹಳ ಪ್ರಯತ್ನಪಟ್ಟರು, ಅದು ಕಾಣುತ್ತಿತ್ತು. ಆಮೇಲೆ ತಲೆ ಅಲ್ಲಾಡಿಸಿ, "ಮಿಸ್ತ್ರಿ ಸುದ್ದಿ ಅವರು ಎಂದೂ ತಗದಿಲ್ಲ ನೋಡ್ರಿ" ಎಂದರು. ಹೇಳಿದ್ದಕ್ಕೆ ತಾವೇ ನೊಂದುಕೊಂಡವರ ಹಾಗೆ ಚಹಾ ಇಡುತ್ತೇನೆ ಎಂದು ಎದ್ದರು. ಬಾಗಿಲಲ್ಲಿ ತಿರುಗಿ ನಿಂತು ಕೇಳಿದರು, "ಆ ತಮ್ಮ ನಿಮಗ ಗೊತ್ತೇನ್ರಿ? ಹ್ಯಾಂಗದಾನ? ಥಂಡಿ ಬಂತಂದ್ರ ಅಂವನ್ನ ನೆನಸ್ತಿದ್ರು."

"ಗೊತ್ತಿಲ್ರಿ," ಎಂದೆ.

ಫೋಟೋ ಗೋಡೆಯ ಮೇಲಿತ್ತು. ಅದಕ್ಕೆ ನಾನು ಏನೂ ಹೇಳಲಿಲ್ಲ. ನಾನು ಜನ್ಮವಿಡೀ ದುಡಿದು ಮಾಡಿಕೊಂಡ ಮನುಷ್ಯ ಆ ಮನೆಯಲ್ಲಿ ಇರಲೇ ಇಲ್ಲ. ಇದ್ದವನು ಕೆಮ್ಮುವ ಒಬ್ಬ ಬಡಪಾಯಿ, ಅವನನ್ನು ಅವರು ವರ್ಷವರ್ಷ ಸಾಕಿಕೊಂಡು ಬಂದಿದ್ದರು. ಇಬ್ಬರೂ ಒಬ್ಬನೇ ಎಂದು ಅವನ ಬಾಯಿಂದ ಹೇಳಿಸಬೇಕಿತ್ತು. ಅವನು ಬದುಕಿದ್ದರೆ ಹೇಳಿಸುತ್ತಿದ್ದೆ, ಕಾಲರ್ ಹಿಡಿದಾದರೂ ಹೇಳಿಸುತ್ತಿದ್ದೆ… ಚಹಾ ಕುಡಿದು ಎದ್ದು ಬಂದೆ.

ಮರುದಿನ ಉಮರ್ಗಾದಲ್ಲಿ ರೋಲರ್ ಚಾಲೂ ಮಾಡಿದೆ. ಇಲ್ಲಿಯ ಮೆನೇಜರ್ ಬಂದು ಬೇಳೆ ನೋಡಿದ, ಹೋದ. ನಿನ್ನೆ ಎಲ್ಲಿಗೆ ಹೋಗಿದ್ದೆ, ಮುಖ ಯಾಕೆ ಹೀಗಿದೆ ಎಂದು ಕೇಳಲಿಲ್ಲ. ರಜೆ ನನ್ನದು, ಮುಖ ನನ್ನದು, ಅವನಿಗೇನು? ಹೀಗೇ ಇರಬೇಕು ಎನ್ನುವವನು ನಾನು, ಈಗಲೂ ಅದನ್ನೇ ಅನ್ನುತ್ತೇನೆ. ಅವತ್ತೊಂದು ದಿನ ಮಾತ್ರ ಯಾರಾದರೂ ಕೇಳಿದ್ದರೆ, ನಿಮಗ್ಯಾಕ ಬೇಕ್ರಿ ಎಂದು ಅವರ ಮೇಲೆ ಹರಿಹಾಯಬಹುದಿತ್ತು.

ಯಾರೂ ಕೇಳಲಿಲ್ಲ.